ಜುಲೈನಲ್ಲಿ ಮೂಡಿಗೆರೆಗೆ ಬರುವ ‘ಕೈರಂಪಣಿ ಮೀನು’ ನಿಜವೇ?

ಪ್ರಶ್ನೆ: ಕಳೆದ ಆಗಸ್ಟ್‌ನಲ್ಲಿ ಮನೆಯವರೆಲ್ಲ ಕಾಪು ಕಡಲತೀರಕ್ಕೆ ಹೋಗಿದ್ದೆವು. ಅಲ್ಲಿ ಮೂವತ್ತು ನಲವತ್ತು ಜನ ಎರಡು ಸಾಲಾಗಿ ನಿಂತು ಸಮುದ್ರದಿಂದ ಹಗ್ಗ ಎಳೆಯುತ್ತಿದ್ದರು. ಕೇಳಿದರೆ ‘ಕೈರಂಪಣಿ’ ಅಂದರು. ನಮ್ಮ ಮೂಡಿಗೆರೆಯ ಮೀನಿನ ಅಂಗಡಿಯಲ್ಲೂ ಜುಲೈ ತಿಂಗಳಲ್ಲಿ ‘ಇದು ಬೋಟಿನ ಮೀನಲ್ಲ, ಕೈರಂಪಣಿದು’ ಅಂತ ಹೇಳಿ ಬಂಗುಡೆಗೂ ಅಂಜಲ್‌ಗೂ ಜಾಸ್ತಿ ರೇಟು ತೆಗೆದುಕೊಳ್ಳುತ್ತಾರೆ. ಇದು ನಿಜವೇ? ಕರಾವಳಿಯಲ್ಲಿ ಹೀಗೆ ಮೀನು ಹಿಡಿಯುವ ಹಳೇ ಪದ್ಧತಿಗಳು ಇನ್ನೂ ಯಾವುವು ಉಳಿದಿವೆ? ಬೋಟಿಗಿಂತ ಇವು ಮೀನಿನ ಸಂತತಿಗೆ ಒಳ್ಳೆಯದು ಅನ್ನುತ್ತಾರಲ್ಲ, ಹೌದಾ?
– ಒಬ್ಬ ಓದುಗರು, ಮೂಡಿಗೆರೆ

ಉತ್ತರ:

ಮೊದಲು ನಿಮ್ಮ ಅಂಗಡಿಯವರ ವಿಷಯ. ಜುಲೈನಲ್ಲಿ ಬಂಗುಡೆ, ಬೂತಾಯಿ, ಸಿಗಡಿ ತೋರಿಸಿ ‘ಕೈರಂಪಣಿ’ ಅಂದರೆ ನಂಬುವುದಕ್ಕೆ ಅಡ್ಡಿಯಿಲ್ಲ. ದೊಡ್ಡ ಅಂಜಲ್ ತೋರಿಸಿ ಹಾಗೆ ಅಂದರೆ ನಂಬಬೇಡಿ. ಇದಕ್ಕೆ ಕಾರಣ ಕೈರಂಪಣಿ ಕೆಲಸ ಮಾಡುವ ರೀತಿಯಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕೈರಂಪಣಿ ಅಂದರೆ ದಡದಲ್ಲಿ ನಿಂತೇ ಎಳೆಯುವ ಬಲೆ. ಬಲೆಯ ಒಂದು ತುದಿಯ ಹಗ್ಗ ದಡದವರ ಕೈಯಲ್ಲಿ ಇರುತ್ತದೆ. ಉಳಿದ ಬಲೆಯನ್ನು ದೋಣಿಗೆ ತುಂಬಿಕೊಂಡು ಕೆಲವರು ಅಲೆ ದಾಟಿ ಹೋಗುತ್ತಾರೆ. ಬಲೆ ಬಿಡುತ್ತಾ ಅರ್ಧ ಸುತ್ತು ಹೊಡೆಯುತ್ತಾರೆ. ಸ್ವಲ್ಪ ದೂರದಲ್ಲಿ ಮತ್ತೆ ದಡಕ್ಕೆ ಬಂದು ಇನ್ನೊಂದು ತುದಿ ಕೊಡುತ್ತಾರೆ. ಮೇಲಿನ ಹಗ್ಗಕ್ಕೆ ತೇಲುವ ಬೆಂಡು ಕಟ್ಟಿರುತ್ತದೆ, ಕೆಳಗಿನ ಹಗ್ಗಕ್ಕೆ ಭಾರ ಇರುತ್ತದೆ. ಹಾಗಾಗಿ ಬಲೆ ನೀರಿನಲ್ಲಿ ಗೋಡೆಯಂತೆ ನಿಲ್ಲುತ್ತದೆ, ಬುಡ ಮರಳಿಗೆ ತಾಗಿಕೊಂಡೇ ಬರುತ್ತದೆ. ನೀವು ನೋಡಿದ ಎರಡು ಸಾಲು ಇದೇ. ಎಳೆಯುತ್ತಾ ಎಳೆಯುತ್ತಾ ಎರಡೂ ಸಾಲಿನವರು ಒಬ್ಬರ ಕಡೆಗೊಬ್ಬರು ಸರಿಯುತ್ತಾ ಬರುವುದನ್ನು ಗಮನಿಸಿದ್ದಿರಾ? ಬಲೆಯ ಬಾಯಿ ಕಿರಿದಾಗುವುದು ಆಗಲೇ. ನಡುಭಾಗದ ಕಣ್ಣು, ಅಂದರೆ ಬಲೆಯ ತೂತು, ಸಣ್ಣದು; ದಾರ ಗಟ್ಟಿ. ಮೀನೆಲ್ಲ ಕೊನೆಗೆ ಬಂದು ಸೇರುವ ಜಾಗ ಅದು.

ಈಗ ಒಂದು ವಿಷಯ ಗಮನಿಸಿ. ಈ ಬಲೆ ಮೀನನ್ನು ಹುಡುಕಿಕೊಂಡು ಹೋಗುವುದಿಲ್ಲ. ಮೀನೇ ದಡದ ಹತ್ತಿರ ಬರಬೇಕು. ಬಂದಿದೆಯೋ ಇಲ್ಲವೋ ಅಂತ ದಡದಲ್ಲಿ ನಿಂತು ಹೇಳುವವರು ಬೇಕು. ನೀರಿನ ಬಣ್ಣ ಕಪ್ಪಾಗುವುದು, ಅಲೆ ಇಲ್ಲದ ಕಡೆ ನೀರು ಸಣ್ಣಗೆ ಕುದಿದಂತೆ ಕಾಣುವುದು, ಹಕ್ಕಿಗಳು ಒಂದೇ ಕಡೆ ಮುಗಿಬೀಳುವುದು – ಇವೆಲ್ಲ ಗುರುತುಗಳು. ಮೀನಿನ ಹಿಂಡು ಯಾವ ಕಡೆ ಹೊರಟಿದೆ ಅಂತ ನೋಡಿ ಅದರ ಮುಂದಿನಿಂದ ಬಲೆ ಬಿಡಬೇಕು. ತಂಡೇಲನ, ಅಂದರೆ ತಂಡದ ಮುಖಂಡನ, ಬೆಲೆ ಇರುವುದು ಇಲ್ಲಿ. ದೋಣಿ ನಡೆಸುವುದು, ಹುಟ್ಟು ಹಾಕುವುದು ಬೇರೆಯವರೂ ಮಾಡುತ್ತಾರೆ. ‘ಈಗ ಬಿಡಿ’ ಅನ್ನುವುದು ಅವನೊಬ್ಬನೇ.

ಕೈರಂಪಣಿ ಚಿಕ್ಕದು. ಇದರ ದೊಡ್ಡಣ್ಣ ರಂಪಣಿ. ಅದನ್ನು ಈಗ ಹಿರಿಯರ ಬಾಯಲ್ಲಿ ಕೇಳಬೇಕಷ್ಟೇ. 1970ರ ದಶಕದ ನಡುವಿನ ತನಕ ನಮ್ಮ ಕರಾವಳಿಯ ಬಂಗುಡೆ, ಬೂತಾಯಿ ಎಲ್ಲ ಬಹುಪಾಲು ರಂಪಣಿಯಲ್ಲೇ ಬರುತ್ತಿತ್ತು. ಬಲೆಯ ಉದ್ದ ಒಂದು ಕಿಲೋಮೀಟರ್ ಮೀರುತ್ತಿತ್ತು. ಅಷ್ಟು ದೊಡ್ಡ ಬಲೆ ಒಬ್ಬನ ಕೈಯಲ್ಲಿ ಆಗುವ ಮಾತಲ್ಲ. ಊರಿನ ಮನೆಗಳು ಸೇರಿ ‘ರಂಪಣಿ ಕಂಪೆನಿ’ ಮಾಡಿಕೊಳ್ಳುತ್ತಿದ್ದವು. ಒಬ್ಬೊಬ್ಬರು ತಮ್ಮ ಪಾಲಿನ ಬಲೆಯ ತುಂಡು ತರುತ್ತಿದ್ದರು. ತುಂಡುಗಳನ್ನು ಜೋಡಿಸಿ ಹೊಲಿದರೆ ಒಂದು ರಂಪಣಿ. ಬಂದ ಮೀನಿನಲ್ಲಿ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಅಂತ ಪಾಲು. ಹಗ್ಗ ಎಳೆಯಲು ಎಂಬತ್ತು ನೂರು ಜನ ಬೇಕಾಗುತ್ತಿತ್ತು. ಹಾಗಾಗಿ ಆ ಊರಿನಲ್ಲಿ ಕೆಲಸ ಇಲ್ಲದವರು ಅಂತ ಯಾರೂ ಇರುತ್ತಿರಲಿಲ್ಲ, ಕನಿಷ್ಠ ಸೀಸನ್‌ನಲ್ಲಿ.

ದೊಡ್ಡ ಹಿಂಡು ಸಿಕ್ಕಿದರೆ ಎಳೆದು ಮುಗಿಸುವುದು ಒಂದೇ ದಿನಕ್ಕೆ ಆಗುತ್ತಿರಲಿಲ್ಲ. ಬಲೆಯನ್ನು ದಡದ ಹತ್ತಿರ ತಂದು ನಿಲ್ಲಿಸಿ, ಮೀನನ್ನು ಒಳಗೇ ಜೀವಂತ ಬಿಟ್ಟು, ಬೇಕಾದಷ್ಟು ಮಾತ್ರ ಮೊಗೆದು ತೆಗೆಯುತ್ತಿದ್ದರು. ಐಸ್ ಇಲ್ಲದ ಕಾಲ ಅದು. ಮೀನು ಕೆಡದಂತೆ ಇಡಲು ಸಮುದ್ರಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಹೀಗೆ ಬಂದದ್ದರಲ್ಲಿ ತಿಂದು, ಮಾರಿ, ಉಪ್ಪು ಹಾಕಿ ಉಳಿದ ಬೂತಾಯಿಯನ್ನು ಮರಳ ಮೇಲೆ ಒಣಗಿಸಿ ಗೊಬ್ಬರಕ್ಕೆ ಕೊಡುತ್ತಿದ್ದರು. ಆ ಗೊಬ್ಬರ ತೆಂಗಿನ ಬುಡಕ್ಕೂ ಹೋಯಿತು, ಘಟ್ಟ ಹತ್ತಿ ಕಾಫಿ ತೋಟಕ್ಕೂ ಬಂತು. ನಿಮ್ಮ ಕಡೆಯ ಹಳೇ ತೋಟಗಳ ಹಿರಿಯರನ್ನು ಕೇಳಿ ನೋಡಿ, ಮೀನುಗೊಬ್ಬರದ ವಾಸನೆ ನೆನಪಿರುವವರು ಸಿಕ್ಕಾರು.

ರಂಪಣಿ ಹೋದದ್ದು ಯಾಕೆ? 1975ರ ಆಸುಪಾಸಿನಲ್ಲಿ ಮಂಗಳೂರು ಕಡೆ ಪರ್ಸೀನ್ ಬೋಟುಗಳು ಬಂದವು. ಇದೂ ಹಿಂಡನ್ನು ಸುತ್ತುವರಿಯುವ ಬಲೆಯೇ. ಆದರೆ ಇದಕ್ಕೆ ದಡ ಬೇಡ. ಸುತ್ತು ಮುಗಿದ ಮೇಲೆ ಕೆಳಗಿನ ಉಂಗುರಗಳಲ್ಲಿ ಹಾದ ಹಗ್ಗ ಎಳೆದರೆ, ಅಜ್ಜಿಯ ಎಲೆಅಡಿಕೆ ಸಂಚಿಯ ದಾರ ಎಳೆದಂತೆ ಬುಡ ಮುಚ್ಚಿಕೊಳ್ಳುತ್ತದೆ. ಹಿಂಡು ದಡಕ್ಕೆ ಬರುವ ಮೊದಲೇ ಆಚೆ ಆಳದಲ್ಲಿ ಸಿಕ್ಕಿಬೀಳುತ್ತದೆ. ದಡದಲ್ಲಿ ಕಾಯುತ್ತಿದ್ದವರಿಗೆ ಏನೂ ಉಳಿಯಲಿಲ್ಲ. ಜಗಳಗಳೂ ಆದವು, ಪ್ರತಿಭಟನೆಗಳೂ ಆದವು. ಆದರೆ ಕೆಲವೇ ವರ್ಷಗಳಲ್ಲಿ ಅದೇ ರಂಪಣಿ ಕಂಪೆನಿಯ ಎಷ್ಟೋ ಜನ ಸಾಲ ಮಾಡಿ, ಪಾಲು ಹಾಕಿ ಪರ್ಸೀನ್ ಬೋಟು ತೆಗೆದುಕೊಂಡರು. ಈ ಕಥೆಯನ್ನು ‘ಬಡ ಮೀನುಗಾರರು, ಶ್ರೀಮಂತ ಬೋಟಿನವರು’ ಅಂತ ಎರಡು ಪಕ್ಷ ಮಾಡಿ ಹೇಳುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಒಂದೇ ಮನೆಯಲ್ಲಿ ಅಪ್ಪ ರಂಪಣಿ ಎಳೆದವನು, ಮಗ ಪರ್ಸೀನ್ ಪಾಲುದಾರ – ಹೀಗೇ ಇದ್ದದ್ದು ಜಾಸ್ತಿ.

ಕೈರಂಪಣಿ ಮಾತ್ರ ಉಳಿದುಕೊಂಡಿತು. ಬಲೆ ಚಿಕ್ಕದು, ಬಂಡವಾಳ ಕಡಿಮೆ, ಮೂವತ್ತು ನಲವತ್ತು ಜನ ಸಾಕು. ಹೆಜಮಾಡಿಯಿಂದ ಮಲ್ಪೆಯವರೆಗಿನ ತೀರದಲ್ಲಿ ಇವತ್ತಿಗೂ ಕಾಣುತ್ತದೆ. ಕಾರವಾರದ ಕಡೆ ದಡದಿಂದ ಎಳೆಯುವ ಇಂಥ ಬಲೆಗೆ ಏಂಡಿ ಬಲೆ ಅನ್ನುತ್ತಾರೆ.

ಮೀನು ದಡಕ್ಕೆ ಬರುವುದಾದರೂ ಯಾಕೆ? ಮುಂಗಾರಿನ ಗಾಳಿ ಶುರುವಾದ ಮೇಲೆ ನಮ್ಮ ಪಶ್ಚಿಮ ತೀರದಲ್ಲಿ ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ. ನಿಮ್ಮ ಘಟ್ಟದಿಂದ ಇಳಿಯುವ ನದಿಗಳೂ ಮಣ್ಣು, ಎಲೆಕೊಳೆ ಎಲ್ಲ ತಂದು ಸುರಿಯುತ್ತವೆ. ಬೂತಾಯಿ ತಿನ್ನುವ ಕಣ್ಣಿಗೆ ಕಾಣದ ಸಸ್ಯಜೀವಿಗಳು ಆಗ ದಡದ ಹತ್ತಿರ ದಟ್ಟವಾಗಿ ಬೆಳೆಯುತ್ತವೆ. ಇನ್ನೊಂದು ಕಾರಣವೂ ಇದೆ. ಮೇಲೆದ್ದು ಬಂದ ಆಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದನ್ನು ತಪ್ಪಿಸಿಕೊಳ್ಳಲು ಮೀನು ದಡದ ಕಡೆಗೂ ಮೇಲ್ಮೈ ಕಡೆಗೂ ಸರಿಯುತ್ತದೆ. ಚಾರ್ಮಾಡಿಯಲ್ಲಿ ಮಳೆ ಜೋರಾದರೆ ಕರಾವಳಿಯವರು ಮೀನಿನ ಆಸೆ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆ.

ಮಳೆಗಾಲದ ನಾಡದೋಣಿ ಮೀನುಗಾರಿಕೆ ನಿಂತಿರುವುದೂ ಇದರ ಮೇಲೆಯೇ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. 10 ಅಶ್ವಶಕ್ತಿವರೆಗಿನ ಮೋಟಾರು ಹಾಕಿದ ದೋಣಿಗಳಿಗೆ, ಮೋಟಾರೇ ಇಲ್ಲದ ದೋಣಿಗಳಿಗೆ ಮಾತ್ರ ಅವಕಾಶ. ನಾಡದೋಣಿಯವರು ಈ ದಿನಗಳಲ್ಲಿ ‘ತೂಫಾನ್’ಗೆ ಕಾಯುತ್ತಾರೆ. ಒಂದು ಸಲ ಕಡಲು ಚೆನ್ನಾಗಿ ಅಬ್ಬರಿಸಿ ತಳದ ಕೆಸರನ್ನು ಕದಡಬೇಕು. ಅದು ಇಳಿದ ಮೇಲೆ ಸಿಗಡಿ, ಮೀನು ದಡದ ಹತ್ತಿರ ಬರುತ್ತವೆ ಅನ್ನುವುದು ಅವರ ಲೆಕ್ಕ. ತೂಫಾನ್ ಆಗದ ವರ್ಷ ಪತ್ರಿಕೆಯಲ್ಲೂ ಸುದ್ದಿಯಾಗುತ್ತದೆ. ಘಟ್ಟದ ಮೇಲೆ ಕೂತ ನಮಗೆ ಬಿರುಗಾಳಿ ಬೇಕು ಅನ್ನುವವರನ್ನು ನೋಡಿದರೆ ವಿಚಿತ್ರ ಅನ್ನಿಸಬಹುದು. ಅಪಾಯ ಅವರಿಗೂ ಗೊತ್ತು. ನದಿ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಅಲೆ ಎದ್ದು ದೋಣಿ ಮಗುಚುವುದು ಪ್ರತಿ ಮಳೆಗಾಲದ ಭಯ. ನೂಲ ಹುಣ್ಣಿಮೆಯ ದಿನ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತಾರೆ.

ಈಗ ನಿಮ್ಮ ಅಂಜಲ್‌ಗೆ ಬರೋಣ. ದೊಡ್ಡ ಅಂಜಲ್ ದಡದ ಬಲೆಗೆ ಸಿಗುವ ಮೀನಲ್ಲ. ಆಚೆ ನೀರಿನಲ್ಲಿ ದೊಡ್ಡ ಕಣ್ಣಿನ ಬಲೆಗೆ, ಗಾಳಕ್ಕೆ ಬೀಳುವಂಥದ್ದು. ಬೊಂಡಾಸ್, ರಾಣಿಮೀನು ಹೆಚ್ಚಾಗಿ ಟ್ರಾಲ್ ಬೋಟಿನವು, ಅಂದರೆ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಬೋಟಿನವು. ಹಾಗಾದರೆ ಜುಲೈನಲ್ಲಿ ಇವೆಲ್ಲ ಮೂಡಿಗೆರೆಗೆ, ಹಾಸನಕ್ಕೆ ಎಲ್ಲಿಂದ ಬರುತ್ತವೆ? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ನಮ್ಮಲ್ಲಿ ಬೋಟು ಕಟ್ಟಿಹಾಕಿದಾಗ ತಮಿಳುನಾಡು, ಆಂಧ್ರದಲ್ಲಿ ಬೋಟುಗಳು ಓಡಾಡುತ್ತಿರುತ್ತವೆ. ಅಲ್ಲಿನ ಮೀನು ಐಸ್ ಹಾಕಿಕೊಂಡು ಲಾರಿಯಲ್ಲಿ ಬರುತ್ತದೆ. ಉಳಿದದ್ದು ಮೇ ತಿಂಗಳಲ್ಲೇ ಹಿಡಿದು ಶೈತ್ಯಾಗಾರದಲ್ಲಿ ಇಟ್ಟದ್ದು. ಅದರಲ್ಲಿ ತಪ್ಪೇನೂ ಇಲ್ಲ, ಚೆನ್ನಾಗಿ ಇಟ್ಟಿದ್ದರೆ ಧೈರ್ಯವಾಗಿ ತಿನ್ನಬಹುದು. ಅದಕ್ಕೆ ಕೈರಂಪಣಿ ಅಂತ ಹೆಸರು ಹಾಕಿ ರೇಟು ಏರಿಸುವುದು ಮಾತ್ರ ಸರಿಯಲ್ಲ.

ಬಂಗುಡೆಯ ವಿಷಯದಲ್ಲೂ ಹೆಸರಿಗೆ ದುಡ್ಡು ಕೊಡಬೇಡಿ, ಮೀನು ನೋಡಿ ಕೊಡಿ. ಕಿವಿರು ಕೆಂಪಗಿರಬೇಕು, ಕಂದು ಬಣ್ಣಕ್ಕೆ ತಿರುಗಿರಬಾರದು. ಕಣ್ಣು ಉಬ್ಬಿರಬೇಕು. ಹೊಟ್ಟೆ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲಬಾರದು. ಸಿಗಡಿಯಾದರೆ ತಲೆ ಕಪ್ಪಾಗಿರಬಾರದು, ಸಡಿಲವಾಗಿರಬಾರದು. ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಕೆಡುತ್ತದೆ. ಬೆಳಗ್ಗೆ ಬಂದದ್ದನ್ನು ಬೆಳಗ್ಗೆಯೇ ತೆಗೆದುಕೊಳ್ಳಿ. ಸಂಜೆ ಅಗ್ಗ ಅಂತ ಕೊಂಡರೆ ನಷ್ಟ ನಿಮ್ಮದೇ.

ಉಳಿದ ಪದ್ಧತಿಗಳಲ್ಲಿ ಬೀಸುಬಲೆ ನಿಮಗೆ ಗೊತ್ತೇ ಇದೆ, ನಮ್ಮ ಕೆರೆಗಳಲ್ಲೂ ಬೀಸುತ್ತಾರೆ. ಕಂತಬಲೆ, ಪಟ್ಟಬಲೆ ಅನ್ನುವುದು ನೀರಿನಲ್ಲಿ ನಿಲ್ಲಿಸಿ ಬಿಟ್ಟುಬಿಡುವ ಬಲೆಗಳು. ಸಂಜೆ ಬಿಟ್ಟು ಬೆಳಗ್ಗೆ ಎತ್ತುತ್ತಾರೆ. ಮೀನು ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಗೊರೂರು ಹಿನ್ನೀರಿನಲ್ಲಿ ತೆಪ್ಪದಲ್ಲಿ ಹೋಗಿ ಬಿಡುವ ಬಲೆಯೂ ಇದೇ ಜಾತಿ. ಗಾಳದಲ್ಲಿ ಒಂದೇ ಉದ್ದ ಹಗ್ಗಕ್ಕೆ ನೂರಾರು ಕೊಕ್ಕೆ ಕಟ್ಟಿ ಬಿಡುವ ಕ್ರಮವೂ ಇದೆ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಬಲೆ ಎಳೆಯದೆ, ಬರೀ ಸಮುದ್ರದ ಏರಿಳಿತ ನಂಬಿ ಮೀನು ಹಿಡಿಯುವ ಪದ್ಧತಿ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಸಮುದ್ರ ಸೇರುವ ಕಡೆ ಗಜನಿ ಗದ್ದೆಗಳಿವೆ. ಭರತ ಬಂದಾಗ ಉಪ್ಪುನೀರು ನದಿಯೊಳಗೆ ನುಗ್ಗುವ ಜಾಗ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆಯುತ್ತದೆ. ಆಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಸ್ವಲ್ಪ ಉಪ್ಪು ತಾಗಿದರೂ, ನೆರೆ ನಿಂತರೂ ತಡೆದುಕೊಳ್ಳುವ ತಳಿ ಅದು. ಗೊಬ್ಬರ ಹಾಕುವುದಿಲ್ಲ. ಕೊಯ್ಲು ಮುಗಿದ ಮೇಲೆ ಕೂಳೆ, ಹುಲ್ಲು ಎಲ್ಲ ಗದ್ದೆಯಲ್ಲೇ ಕೊಳೆಯುತ್ತದೆ. ಒಡ್ಡಿನಲ್ಲಿ ಹಲಗೆಯ ಬಾಗಿಲು ಇರುತ್ತದೆ, ಅದಕ್ಕೆ ಜಂತ್ರಡಿ ಅನ್ನುತ್ತಾರೆ. ಭರತದಲ್ಲಿ ಅದನ್ನು ತೆಗೆದರೆ ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಕೊಳೆತ ಕೂಳೆಯಲ್ಲಿ ಹುಟ್ಟುವ ಸಣ್ಣ ಜೀವಿಗಳನ್ನು ತಿಂದು ಬೆಳೆಯುತ್ತವೆ. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿ ನೀರು ಬಿಟ್ಟರೆ ಆಯಿತು. ಒಂದೇ ಗದ್ದೆಯಲ್ಲಿ ಅರ್ಧ ವರ್ಷ ಅಕ್ಕಿ, ಅರ್ಧ ವರ್ಷ ಸಿಗಡಿ. ಈಗ ಬಹಳ ಕಡೆ ಭತ್ತ ಬಿಟ್ಟು ವರ್ಷವಿಡೀ ಸಿಗಡಿಗೇ ನೀರು ನಿಲ್ಲಿಸುತ್ತಾರೆ. ಕಗ್ಗ ಬೆಳೆಯುವ ಗದ್ದೆ ಕಡಿಮೆಯಾಗುತ್ತಾ ಬಂದಿದೆ.

ಅದೇ ನದಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಗುಂಪಾಗಿ ನೀರಿಗಿಳಿದು ಚಿಪ್ಪು ಆರಿಸುತ್ತಾರೆ. ನಿಮ್ಮಲ್ಲಿ ಮರುವಾಯಿ ಅಂತ ಬರುತ್ತದಲ್ಲ, ಆ ಜಾತಿ. ಕಾಲಲ್ಲೇ ತಡಕಾಡಿ ಚಿಪ್ಪು ಎಲ್ಲಿದೆ ಅಂತ ಪತ್ತೆ ಹಚ್ಚುತ್ತಾರೆ. ಬಲೆಯೂ ಬೇಡ, ದೋಣಿಯೂ ಬೇಡ. ಮೀನುಗಾರಿಕೆ ಅಂದ ಕೂಡಲೇ ಗಂಡಸರ ಚಿತ್ರವೇ ಬರುತ್ತದೆ ನಮಗೆ. ದಡಕ್ಕೆ ಬಂದ ಮೀನನ್ನು ಹರಾಜಿನಲ್ಲಿ ಹಿಡಿದು, ಬುಟ್ಟಿಗೆ ತುಂಬಿ, ಬಸ್ಸು ಹತ್ತಿಸಿ ಮಾರುವವರೂ ಹೆಂಗಸರೇ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಹಳೇ ಪದ್ಧತಿ ಅಂದರೆ ಮೀನಿಗೆ ಒಳ್ಳೆಯದೇ? ಹಾಗೆ ಸುಮ್ನೆ ಹೇಳಿಬಿಡಲು ಆಗುವುದಿಲ್ಲ. ಬಲೆಯ ಕಣ್ಣು ನೋಡಬೇಕು. ಕಂತಬಲೆಯಲ್ಲಿ ಮರಿ ಮೀನು ಕಣ್ಣಿನಲ್ಲಿ ನುಸುಳಿ ಹೋಗುತ್ತದೆ, ಅಳತೆಗೆ ತಕ್ಕದ್ದು ಮಾತ್ರ ಸಿಗುತ್ತದೆ. ಆ ವಿಷಯದಲ್ಲಿ ಅದು ಒಳ್ಳೆಯ ಬಲೆ. ಕೈರಂಪಣಿಯ ನಡುಭಾಗದ ಕಣ್ಣು ಸಣ್ಣದು ಅಂತ ಹೇಳಿದೆ. ಅದರಲ್ಲಿ ಬೆರಳುದ್ದದ ಮರಿಗಳೂ ಬರುತ್ತವೆ. ದಡದ ಹತ್ತಿರದ ನೀರು ಎಷ್ಟೋ ಮೀನುಗಳಿಗೆ ಮರಿ ಬೆಳೆಯುವ ಜಾಗ ಬೇರೆ. ರಂಪಣಿಯನ್ನು ಕಾಪಾಡಿದ್ದು ಅದರ ಒಳ್ಳೆಯತನವಲ್ಲ, ಅದರ ಮಿತಿ. ಮೀನು ಬಂದರೆ ಉಂಟು, ಬರದಿದ್ದರೆ ಇಲ್ಲ. ಆಚೆ ಆಳದಲ್ಲಿ ಉಳಿದ ಹಿಂಡನ್ನು ಅದು ಮುಟ್ಟಲಾರದು. ಬೋಟು ಆ ಮಿತಿಯನ್ನು ಮುರಿಯಿತು. ಈಗ ರಾತ್ರಿ ಪ್ರಖರ ದೀಪ ಹಚ್ಚಿ ಮೀನನ್ನು ಒಂದೆಡೆ ಸೇರಿಸಿ ಹಿಡಿಯುವುದು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ – ಇವು ಅದರ ಮುಂದಿನ ಹೆಜ್ಜೆ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ಇವೆರಡನ್ನೂ ನಿಷೇಧಿಸಿತು. ನಾಡದೋಣಿಯವರ ದೂರು ಮಾತ್ರ ಇನ್ನೂ ನಿಂತಿಲ್ಲ.

ಮಿತಿ ಇಲ್ಲದ ಕಡೆ ಇದೇ ಎಳೆಯುವ ಬಲೆ ಏನು ಮಾಡುತ್ತದೆ ಅಂತ ನೋಡಲು ತುಂಗಭದ್ರಾ ಜಲಾಶಯಕ್ಕೆ ಹೋಗಬೇಕು. ಅಲ್ಲಿ ಅಲಿವಿ ಅನ್ನುವ ಭಾರೀ ಎಳೆಬಲೆ ಇದೆ, ಕಣ್ಣು ತೀರಾ ಸಣ್ಣದು. ನಿಂತ ನೀರಿನಲ್ಲಿ ಮೀನು ತಪ್ಪಿಸಿಕೊಂಡು ಹೋಗಲು ಸಮುದ್ರವಿಲ್ಲ. ಬಿತ್ತಿದ ಮರಿಗಳನ್ನೂ ಗುಡಿಸಿಕೊಂಡು ಬರುತ್ತದೆ ಅಂತ ಮೀನು ತಜ್ಞರು ಬಹಳ ಕಾಲದಿಂದ ಆಕ್ಷೇಪ ಎತ್ತುತ್ತಲೇ ಇದ್ದಾರೆ.

ನಮ್ಮ ಮಲೆನಾಡಿನ ಹತ್ತುಮೀನೂ ಇದೇ ಲೆಕ್ಕಕ್ಕೆ ಬರುತ್ತದೆ. ಜೂನ್‌ನಲ್ಲಿ ಮೊದಲ ನೆರೆ ಬಂದಾಗ ಹೊಳೆಯ ಮೀನು ಹಳ್ಳ ಹತ್ತಿ, ತೋಡು ಹತ್ತಿ ಗದ್ದೆಗೆ ಬರುವುದು ಮೊಟ್ಟೆ ಇಡಲಿಕ್ಕೆ. ರಾತ್ರಿ ಟಾರ್ಚು ಹಿಡಿದು, ಕತ್ತಿ ಹಿಡಿದು ಹೋಗುವುದು, ತೋಡಿನ ಬಾಯಿಗೆ ಕೂಣಿ (ಮೀನು ಬೀಳಲು ಇಡುವ ಬಿದಿರಿನ ಬುಟ್ಟಿ) ಇಡುವುದು ನಮಗೆ ಹಬ್ಬ. ಬಿದಿರ ಕೂಣಿ ನೋಡಲು ಚಂದ, ಹೆಣೆಯುವುದೂ ಒಂದು ಕಲೆ. ಆದರೆ ಅದರಲ್ಲಿ ಬೀಳುವ ಮೀನಿನ ಹೊಟ್ಟೆ ತುಂಬ ಮೊಟ್ಟೆ. ಸಮುದ್ರದಲ್ಲಿ 61 ದಿನ ಬೋಟು ಕಟ್ಟಿಹಾಕುವುದಕ್ಕೂ ಇದೇ ಕಾರಣ ಕೊಡುತ್ತಾರೆ. ಅಲ್ಲಿ ಸರಿ ಅನ್ನಿಸಿದ್ದು ಇಲ್ಲಿ ತಪ್ಪಾಗುವುದು ಹೇಗೆ? ಪೂರ್ತಿ ಬಿಟ್ಟುಬಿಡಿ ಅಂದರೆ ಯಾರೂ ಕೇಳುವುದಿಲ್ಲ, ನನಗೂ ಗೊತ್ತು. ಹತ್ತುವಾಗ ಬಿಟ್ಟು, ಮೊಟ್ಟೆ ಇಟ್ಟು ಇಳಿಯುವಾಗ ಹಿಡಿದರೂ ಎಷ್ಟೋ ವಾಸಿ.

ಮತ್ತೆ ಕೈರಂಪಣಿ ನೋಡಲು ಹೋಗುವುದಾದರೆ ಆಗಸ್ಟ್, ಸೆಪ್ಟೆಂಬರ್ ಒಳ್ಳೆಯ ಕಾಲ, ಬೆಳಗಿನ ಹೊತ್ತು ಸಿಗುವ ಸಾಧ್ಯತೆ ಜಾಸ್ತಿ. ಎಳೆಯುತ್ತಿರುವ ಹಗ್ಗವನ್ನು ದಾಟಬೇಡಿ, ಮಕ್ಕಳನ್ನು ಬಲೆಯ ಒಳಬದಿಗೆ ಬಿಡಬೇಡಿ. ಕೈ ಜೋಡಿಸಬಹುದಾ ಅಂತ ಕೇಳಿ. ಬೇಡ ಅನ್ನುವವರು ಕಡಿಮೆ, ಎಳೆದವರಿಗೆ ಒಂದಷ್ಟು ಮೀನು ಕೊಡುವುದೂ ಉಂಟು. ಮನೆಗೆ ತರುವುದಾದರೆ ಇಲ್ಲಿಂದಲೇ ಥರ್ಮಾಕೋಲ್ ಪೆಟ್ಟಿಗೆ ಇಟ್ಟುಕೊಂಡು ಹೋಗಿ. ಮೀನಿನಷ್ಟೇ ತೂಕದ ಐಸ್ ಪುಡಿ ಮಾಡಿ, ಒಂದು ಪದರ ಐಸ್, ಒಂದು ಪದರ ಮೀನು ಹಾಕಿ. ಕರಗಿದ ನೀರು ಇಳಿಯಲು ಕೆಳಗೆ ಒಂದು ತೂತು ಇರಲಿ. ಚಾರ್ಮಾಡಿಯಲ್ಲಿ ರಸ್ತೆ ಕಟ್ಟಿ ನಾಲ್ಕು ಗಂಟೆ ನಿಂತರೂ ಬಂಗುಡೆಗೆ ಏನೂ ಆಗುವುದಿಲ್ಲ.